ಕಿಟಕಿ ನಡುಗಿಸುವುದು ಬೇಸ್ ಗಿಟಾರ್ ಅಲ್ಲ

ಮಾನ್ಯ ಸಂಪಾದಕರೇ,

ಮದುವೆ ಮೆರವಣಿಗೆಗಳ ಡಿಜೆ ಹಾವಳಿಯ ಕುರಿತು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಈಚೆಗೆ ಪ್ರಕಟವಾದ ಪತ್ರಗಳನ್ನು ಗಮನವಿಟ್ಟು ಓದಿದ್ದೇನೆ. ರಾತ್ರಿ ಹನ್ನೊಂದರ ಮೇಲೂ ಮನೆಯ ಕಿಟಕಿ ಗಾಜು ನಡುಗುವುದು, ಹಾಸಿಗೆ ಹಿಡಿದ ಹಿರಿಯರು ನಿದ್ದೆಗೆಡುವುದು, ಪರೀಕ್ಷೆಗೆ ಓದುವ ಮಕ್ಕಳು ಪುಸ್ತಕ ಮುಚ್ಚಿಡುವುದು ಎಲ್ಲವೂ ನಿಜ, ಆ ದೂರಿಗೆ ನನ್ನ ಸಹಮತವೂ ಇದೆ. ಆದರೆ ಬಹುತೇಕ ಪತ್ರಗಳು "ಬೇಸ್ ಕಡಿಮೆ ಮಾಡಿಸಿ" ಎಂಬ ಒಂದೇ ಬೇಡಿಕೆಯಲ್ಲಿ ಮುಗಿದಿದ್ದವು. ಬೇಸ್ ಎಂದರೆ ಕೆಳಸ್ಥಾಯಿಯ ದಪ್ಪ ಸದ್ದು. ಈ ಬೇಡಿಕೆಯ ಫಲವನ್ನು ಕಲಬುರಗಿಯ ಫಂಕ್ಷನ್ ಹಾಲ್‌ಗಳಲ್ಲಿ ಅನುಭವಿಸುತ್ತಿರುವವರು ವೇದಿಕೆಯ ಮೇಲೆ ನಿಂತು ಬೇಸ್ ಗಿಟಾರ್, ಅಂದರೆ ಕೆಳಸ್ಥಾಯಿಯ ಸ್ವರಗಳ ವಿದ್ಯುತ್ ಗಿಟಾರ್, ನುಡಿಸುವ ಕೆಲವೇ ವಾದಕರು. ಬಹಳ ವರ್ಷಗಳಿಂದ ಈ ಭಾಗದ ಆರ್ಕೆಸ್ಟ್ರಾಗಳಲ್ಲಿ, ಚರ್ಚಿನ ಗಾಯನ ತಂಡಗಳ ಜೊತೆಗೆ, ಕೆಲವೊಮ್ಮೆ ವಚನ ಗಾಯನದ ವೇದಿಕೆಗಳಲ್ಲಿ ಈ ವಾದ್ಯವನ್ನು ನುಡಿಸುತ್ತ, ಸಂಜೆ ಹೊತ್ತು ಆಸಕ್ತ ಯುವಕರಿಗೆ ಕಲಿಸುತ್ತ ಬಂದಿರುವ ನಾನು, ಈ ವಿಷಯವನ್ನು ಸ್ವಲ್ಪ ವಿವರವಾಗಿ ತಮ್ಮ ಓದುಗರ ಮುಂದೆ ಇಡಲು ಬಯಸುತ್ತೇನೆ.

ಹಾಲ್‌ಗಳಲ್ಲಿ ನಡೆಯುವುದು ಹೀಗೆ. ಕಾರ್ಯಕ್ರಮಕ್ಕೆ ಮುನ್ನ ನಾವು ಕೇಬಲ್ ಜೋಡಿಸುತ್ತಿರುವಾಗಲೇ ಸೌಂಡ್ ಸಿಸ್ಟಮ್‌ನ ಹುಡುಗ ಹತ್ತಿರ ಬಂದು, "ಸರ್, ಬೇಸ್ ಭಾಳ ಬಿಡಬ್ಯಾಡ್ರಿ, ಹಾಲ್‌ನೋರು ಬೈತಾರ್ರಿ" ಎಂದು ಹೇಳುತ್ತಾನೆ. ಅವನ ತಪ್ಪೇನೂ ಇಲ್ಲ, ಅವನಿಗೆ ಮಾಲೀಕರ ಸೂಚನೆ ಹಾಗಿರುತ್ತದೆ. ಎಲ್ಲ ಧ್ವನಿಗಳನ್ನು ಹೊಂದಿಸುವ ಮಿಕ್ಸರಿನಲ್ಲಿ ಬೇಸ್ ಗಿಟಾರಿನ ಚಾನೆಲ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಹಾಡುವವರು ಆಧಾರವಿಲ್ಲದೆ ಹಾಡುತ್ತಾರೆ, ಮುಂದಿನ ಸಾಲಿನಲ್ಲಿ ಕುಳಿತವರಿಗೂ ನಮ್ಮ ವಾದನ ಕೇಳಿಸುವುದಿಲ್ಲ. ಊಟ ಮುಗಿದು ಬರಾತ್ ಹೊರಡುವಾಗ ಅದೇ ಹಾಲಿನ ಅಂಗಳದಲ್ಲಿ ಲಾರಿಯ ಮೇಲೆ ಪೇರಿಸಿದ, ಬೇಸ್ ಸದ್ದನ್ನಷ್ಟೇ ಹೊರಡಿಸುವ ದೊಡ್ಡ ಸ್ಪೀಕರುಗಳಾದ ಸಬ್‌ವೂಫರ್‌ಗಳು ಪೂರ್ಣ ಬಲದಿಂದ ಬಡಿಯತೊಡಗುತ್ತವೆ. ಅವುಗಳ ಮುಂದೆ ಹೋಗಿ ಕಡಿಮೆ ಮಾಡಿರೆಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಈ ಎರಡು ಸದ್ದುಗಳ ನಡುವಿನ ಅಂತರ ಬರಿಯ ಅಭಿರುಚಿಯದ್ದೆಂದು ಯಾರೂ ಭಾವಿಸಬಾರದು, ಅದು ಭೌತಶಾಸ್ತ್ರದ ವಿಷಯ. ನಾಲ್ಕು ತಂತಿಯ ಬೇಸ್ ಗಿಟಾರಿನ ತಂತಿಗಳನ್ನು ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿ ಮಾಡಲಾಗುತ್ತದೆ. ಅತಿ ದಪ್ಪ ತಂತಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 41 (ಅಂದರೆ 41 ಹರ್ಟ್ಸ್), ಅತಿ ತೆಳ್ಳನೆಯದರದು 98, ಅಂದರೆ ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಸರಿಯಾಗಿ ಒಂದು ಸಪ್ತಕ ಕೆಳಗೆ. ಆದರೆ ತಂತಿಯನ್ನು ಮೀಟಿದಾಗ ಈ ಮೂಲ ಕಂಪನ ಒಂದೇ ಹೊರಡುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಉಪಸ್ವರಗಳೂ ಜೊತೆಗೇ ಏಳುತ್ತವೆ. ಅನೇಕ ವೇಳೆ ಎರಡು ಪಟ್ಟಿನ ಉಪಸ್ವರ ಮೂಲಸ್ವರಕ್ಕಿಂತ ಗಟ್ಟಿಯಾಗಿರುತ್ತದೆ, ಮತ್ತು ನಮ್ಮ ಕಿವಿ ಆ ಉಪಸ್ವರಗಳ ಅಂತರವನ್ನು ಹಿಡಿದೇ ಮೂಲಸ್ವರ ಯಾವುದೆಂದು ಗುರುತಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಕಂಪನ ಹೊರಡಿಸುವ ಶಕ್ತಿಯೇ ಇಲ್ಲದಿದ್ದರೂ ಹಾಡಿನ ಬೇಸ್ ನಡೆ ನಮಗೆ ಅರ್ಥವಾಗುವುದು ಈ ಕಾರಣಕ್ಕೆ. ಆದ್ದರಿಂದ ಬೇಸ್ ಗಿಟಾರ್ ಸ್ಪಷ್ಟವಾಗಿ ಕೇಳಿಸಬೇಕಾದರೆ 80ರಿಂದ 400 ಹರ್ಟ್ಸ್‌ವರೆಗಿನ ಭಾಗ ಮತ್ತು ಬೆರಳು ತಂತಿಗೆ ತಾಗುವ 700-1000 ಹರ್ಟ್ಸ್ ಆಸುಪಾಸಿನ ಭಾಗ ಸರಿಯಿದ್ದರೆ ಸಾಕು. ಮೆರವಣಿಗೆಯ ಸಬ್‌ವೂಫರ್ ಈ ಭಾಗವನ್ನು ಹೆಚ್ಚುಕಡಿಮೆ ಕೈಬಿಟ್ಟು, 40ರಿಂದ 60 ಹರ್ಟ್ಸ್‌ನ ಒಂದೇ ಎಲೆಕ್ಟ್ರಾನಿಕ್ ಬಡಿತವನ್ನು ಸಾವಿರಾರು ವ್ಯಾಟ್ ಬಲದಲ್ಲಿ ಹೊರಹಾಕುತ್ತದೆ. ಅದರಲ್ಲಿ ಸ್ವರವೆಂದು ಗುರುತಿಸಬಹುದಾದದ್ದು ಏನೂ ಉಳಿದಿರುವುದಿಲ್ಲ.

ಇನ್ನೂ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಮುಚ್ಚಿದ ಸಭಾಂಗಣಗಳ ಹೊರಗೆ ಧ್ವನಿವರ್ಧಕ ಸಾಮಾನ್ಯವಾಗಿ ನಿಷಿದ್ಧ. ಈ ಮಿತಿಗಳನ್ನು ಅಳೆಯುವುದು 'ಎ' ಮಾಪನದಲ್ಲಿ. ಮೆಲ್ಲನೆಯ ಸದ್ದಿನಲ್ಲಿ ಮನುಷ್ಯನ ಕಿವಿ ಮಂದ್ರ ಕಂಪನಗಳನ್ನು ಕಡಿಮೆ ಗ್ರಹಿಸುತ್ತದೆ ಎಂಬ ಆಧಾರದ ಮೇಲೆ ರೂಪಿಸಿದ ಈ ಮಾಪನ 50 ಹರ್ಟ್ಸ್‌ನ ಸದ್ದಿನಿಂದ ಸುಮಾರು 30 ಡೆಸಿಬೆಲ್ ಕಳೆದೇ ಅಂಕಿ ತೋರಿಸುತ್ತದೆ. ಗೋಡೆಗಳು ಎತ್ತರದ ಸ್ವರಗಳನ್ನು ಚೆನ್ನಾಗಿ ತಡೆದರೂ ಮಂದ್ರ ಕಂಪನವನ್ನು ಅಷ್ಟಾಗಿ ತಡೆಯಲಾರವು. ಹೀಗಾಗಿ ಮೂರು ಓಣಿ ದಾಟಿ ಬಂದು ಮಲಗುವ ಕೋಣೆಯ ಬಾಗಿಲು ಅಲುಗಾಡಿಸುವ ಬಡಿತವೂ ಮಾಪಕದಲ್ಲಿ ಸಾಧಾರಣ ಅಂಕಿಯಾಗಿಯೇ ಕಾಣಬಹುದು. ಅಳತೆಗೆ ಬಂದ ಅಧಿಕಾರಿಗಳು ಅದೇ ಉಪಕರಣದಲ್ಲಿ ಸಾಮಾನ್ಯವಾಗಿ ಇರುವ 'ಸಿ' ಮಾಪನವನ್ನೂ ಜೊತೆಗೆ ದಾಖಲಿಸಿಕೊಂಡರೆ, ಮಂದ್ರ ಕಂಪನವನ್ನು ಅಷ್ಟಾಗಿ ಕಳೆಯದ ಆ ಅಂಕಿಯಿಂದ ತೊಂದರೆಯ ಮೂಲ ಎಲ್ಲಿದೆಯೆಂಬುದು ಕಾಗದದ ಮೇಲೆಯೇ ಗೊತ್ತಾಗುತ್ತದೆ.

ಬೇಸ್ ಗಿಟಾರ್ ಹುಟ್ಟಿದ್ದು ಅಬ್ಬರಕ್ಕೆಂದಲ್ಲ. ಪಿಟೀಲಿನಂಥ ಆಳೆತ್ತರದ ಡಬಲ್ ಬೇಸನ್ನು ಹೊತ್ತು ಊರೂರು ಅಲೆಯುತ್ತಿದ್ದ, ವಾದ್ಯವೃಂದದ ನಡುವೆ ತಮ್ಮ ಸ್ವರ ತಮಗೇ ಕೇಳಿಸದೆ ಕಷ್ಟಪಡುತ್ತಿದ್ದ ವಾದಕರಿಗಾಗಿ ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದರು. ಹಿಡಿಕೆಯ ಮೇಲೆ ಮೆಟ್ಟಿಲುಗಳು, ಅಂದರೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು, ಇದ್ದುದರಿಂದ ಸ್ವರ ಖಚಿತವಾಗಿ ಬೀಳುತ್ತಿತ್ತು, ಹೆಗಲಿಗೆ ಹಾಕಿಕೊಂಡು ನಿಲ್ಲಬಹುದಿತ್ತು. ಆ ವಾದ್ಯದ 34 ಇಂಚು ತಂತಿಯ ಅಳತೆಯೇ ಇಂದಿಗೂ ಹೆಚ್ಚಿನ ಬೇಸ್ ಗಿಟಾರುಗಳ ಅಳತೆ. 1960ರ ದಶಕದಲ್ಲಿ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು, ಹಳೆಯ ಚಪ್ಪಟೆ ಸುತ್ತಿನ ತಂತಿಗಳನ್ನು ಬದಲಿಸದೆ ಬಳಸುತ್ತಿದ್ದರು. ಬಹಳ ಕಾಲ ರೆಕಾರ್ಡುಗಳ ಮೇಲೆ ಅವರ ಹೆಸರೂ ಅಚ್ಚಾಗುತ್ತಿರಲಿಲ್ಲ. ಆ ಹಾಡುಗಳನ್ನು ಇಂದು ಕೇಳಿದರೂ ಬೇಸ್ ನಡೆ ಪ್ರತ್ಯೇಕವಾಗಿ ಗುನುಗುವಷ್ಟು ಸ್ಪಷ್ಟವಾಗಿದೆ. ಇದನ್ನು ಸಾಧಿಸಲು ಅವರಿಗೆ ಸಬ್‌ವೂಫರ್ ಬೇಕಾಗಿರಲಿಲ್ಲ.

ನಮ್ಮ ಸೀಮೆಯ ಕಿವಿಗಳಿಗೂ ಮಂದ್ರ ಸ್ವರ ಹೊಸದಲ್ಲ. ಶರಣಬಸವೇಶ್ವರ ಜಾತ್ರೆಯ ಹಲಗೆ ಡೊಳ್ಳುಗಳನ್ನು, ಬಂದೇ ನವಾಜ್ ಉರುಸಿನ ಕವ್ವಾಲಿಯಲ್ಲಿ ಢೋಲಕ್ಕಿನ ಎಡಮುಖದ ಗುಮುಗುಮುವನ್ನು, ತತ್ವಪದದ ಮೇಳದಲ್ಲಿ ಏಕತಾರಿಯ ಒಂದೇ ಶ್ರುತಿಯನ್ನು ಕೇಳಿ ಬೆಳೆದವರು ನಾವು. ಏಕತಾರಿ ಮಾಡುವ ಕೆಲಸವನ್ನೇ ಬೇಸ್ ಗಿಟಾರ್ ಇನ್ನೂ ಕೆಳಗಿನ ಸ್ಥಾಯಿಯಲ್ಲಿ ಮಾಡುತ್ತದೆ. ಹಾಡುವವರ ಕಾಲಡಿಗೆ ನೆಲ ಒದಗಿಸುವುದು ಅದರ ಮೊದಲ ಕರ್ತವ್ಯ, ಉಳಿದ ಕೈಚಳಕಗಳೆಲ್ಲ ಆಮೇಲಿನವು.

ಈಗ ಆರ್ಕೆಸ್ಟ್ರಾಗಳಲ್ಲಿ ಬೇಸ್ ವಾದಕರನ್ನು ಕರೆಸುವುದೇ ಕಡಿಮೆಯಾಗಿದೆ. ಕೀಬೋರ್ಡ್ ನುಡಿಸುವವರ ಎಡಗೈಗೆ ಆ ಕೆಲಸ ಒಪ್ಪಿಸಲಾಗುತ್ತದೆ, ಇಲ್ಲವೇ ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕ್ ಹಾಕಿ ಅದರ ಮೇಲೆ ಹಾಡಿಸಲಾಗುತ್ತದೆ. ಒಬ್ಬರ ಸಂಭಾವನೆ ಉಳಿಯುತ್ತದೆ ಎಂಬುದು ಆಯೋಜಕರ ಲೆಕ್ಕ. ಟ್ರ್ಯಾಕಿಗೆ ಗಾಯಕರ ಉಸಿರು ಕಾಣುವುದಿಲ್ಲ, ಅವರು ಒಂದು ಸಾಲನ್ನು ಜನರ ಒತ್ತಾಯಕ್ಕೆ ಮತ್ತೊಮ್ಮೆ ಹಾಡಲು ಬಯಸಿದರೆ ಅದು ಕಾಯುವುದಿಲ್ಲ. ಜೀವಂತ ವಾದನದಿಂದ ದೊರೆಯುವುದೇನೆಂದು ತೋರಿಸಲು ಭಜನೆಗಳಲ್ಲಿ ಎಲ್ಲರೂ ಕೇಳಿರುವ ತಬಲಾದ ಕೆಹರ್ವಾ ಠೇಕಾವನ್ನೇ (ತಾಳದ ನಡೆಯನ್ನೇ) ತೆಗೆದುಕೊಳ್ಳಬಹುದು. 'ಧಾ ಗೆ ನಾ ತಿ, ನಾ ಕ ಧಿ ನಾ' ಎಂಬ ಎಂಟು ಮಾತ್ರೆಗಳಲ್ಲಿ (ಎಣಿಕೆಗಳಲ್ಲಿ) ಧಾ, ಗೆ, ಧಿ ಅಕ್ಷರಗಳಿಗೆ ಡಗ್ಗಾ, ಅಂದರೆ ತಬಲಾ ಜೋಡಿಯ ಎಡಗೈ ವಾದ್ಯ, ಬಿಚ್ಚಿ ನುಡಿಯುತ್ತದೆ. ನಡುವಿನ 'ತಿ ನಾ ಕ' ಭಾಗದಲ್ಲಿ ಅದು ಮುಚ್ಚಿರುತ್ತದೆ. ಬೇಸ್ ವಾದಕರು ಷಡ್ಜವನ್ನು (ಸ) 'ಧಾ' ಜೊತೆಗೆ ಆರಂಭಿಸಿ, 'ತಿ' ಬರುವ ಹೊತ್ತಿಗೆ ತಂತಿಯ ಮೇಲೆ ಬೆರಳಿಟ್ಟು ನಾದವನ್ನು ಪೂರ್ಣ ನಿಲ್ಲಿಸಿ, 'ಧಿ'ಗೆ ಮತ್ತೆ ಸೇರಿಕೊಂಡರೆ ತಾಳದ ಖಾಲಿ, ಅಂದರೆ ಒತ್ತಿಲ್ಲದ ಭಾಗ, ನಿಜವಾಗಿಯೂ ಖಾಲಿಯಾಗಿ ಕೇಳಿಸುತ್ತದೆ, ಮರಳಿ ಬಂದ ಒತ್ತಿಗೆ ಸಭೆಯ ತಲೆಗಳು ತಾವಾಗಿಯೇ ತೂಗುತ್ತವೆ. ಅದೇ ಸ್ವರವನ್ನು ಎಂಟೂ ಮಾತ್ರೆಗಳಿಗೆ ಎಳೆದುಬಿಟ್ಟರೆ ಡಗ್ಗಾ ಮತ್ತು ಬೇಸ್ ಎರಡೂ ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ, ತಬಲಾ ವಾದಕರ ಶ್ರಮವೂ ವ್ಯರ್ಥವಾಗುತ್ತದೆ. ನಾನು ಕಲಿಸುವಾಗ ಸ್ವರವನ್ನು ಎಲ್ಲಿ ಆರಂಭಿಸಬೇಕೆನ್ನುವುದಕ್ಕಿಂತ ಎಲ್ಲಿ ನಿಲ್ಲಿಸಬೇಕೆನ್ನುವುದರ ಮೇಲೆ ಹೆಚ್ಚು ಸಮಯ ಕಳೆಯುತ್ತೇನೆ.

ರಾಗಾಧಾರಿತ ಹಾಡುಗಳ ಜೊತೆಗೆ ನುಡಿಸುವಾಗ ಇನ್ನಷ್ಟು ಎಚ್ಚರ ಬೇಕು. ಪಾಶ್ಚಾತ್ಯ ಪಾಠಗಳಿಂದ ಕಲಿತ ಹುಡುಗರ ಕೈ ತಾನಾಗಿಯೇ ಷಡ್ಜ-ಪಂಚಮದ (ಸ-ಪ) ಕಡೆಗೆ ಓಡುತ್ತದೆ. ಮಾಲಕೌಂಸ್ ರಾಗದಲ್ಲಿ ಪಂಚಮವೇ ಇಲ್ಲ, ಅಲ್ಲಿ ತಂಬೂರಿಯನ್ನೂ ಮಧ್ಯಮಕ್ಕೆ ಶ್ರುತಿ ಮಾಡುತ್ತಾರೆ. ಆ ರಾಗದಲ್ಲಿ ಹಾಡುವ ವಚನವೊಂದರ ಕೆಳಗೆ ಬೇಸ್ ಗಿಟಾರ್ ಜೋರಾಗಿ ಪಂಚಮ ಹಿಡಿದರೆ ಗಾಯಕರು ಕಟ್ಟಿದ್ದೆಲ್ಲ ಆ ಒಂದು ಸ್ವರದಿಂದ ಕೆಡುತ್ತದೆ. ಹಾಡುವ ಮೊದಲು ಗಾಯಕರನ್ನು ರಾಗ ಯಾವುದು, ಪಟ್ಟಿ (ಹಾಡುವ ಶ್ರುತಿ) ಯಾವುದು ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚವೇನೂ ಇಲ್ಲ. ಅವರು 'ಕಪ್ಪು ಒಂದು' (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಎಂದರೆ ಎ ತಂತಿಯ ನಾಲ್ಕನೆಯ ಮನೆ, ಅಂದರೆ ನಾಲ್ಕನೆಯ ಮೆಟ್ಟಿಲಿನ ಹಿಂದಿನ ಜಾಗ, ನಮ್ಮ ಷಡ್ಜ. 'ಕಪ್ಪು ಎರಡು' ಎಂದರೆ ನಾಲ್ಕೂ ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಂಡಾಗ ಅತಿ ದಪ್ಪ ತಂತಿಯೇ ಬಿಡಿಯಾಗಿ ಮಂದ್ರ ಷಡ್ಜವಾಗುತ್ತದೆ. ಹಾಗೆ ಒದಗುವ ನಾದದ ತುಂಬುತನ ಬೆರಳಿನಿಂದ ಒತ್ತಿದ ಯಾವ ಸ್ವರದಿಂದಲೂ ಬರುವುದಿಲ್ಲ.

ಹೊಸದಾಗಿ ಕಲಿಯುವವರಿಗೆ ಕೈಗಳ ಬಗ್ಗೆ ಕೆಲವು ಮಾತುಗಳನ್ನು ಇಲ್ಲಿಯೇ ಹೇಳುವುದು ಸೂಕ್ತ. ಬಲಗೈಯ ತೋರುಬೆರಳು ಮತ್ತು ನಡುಬೆರಳು ಒಂದಾದ ಮೇಲೊಂದರಂತೆ ಮೀಟಬೇಕು, ಮೀಟಿದ ಬೆರಳು ಗಾಳಿಯಲ್ಲಿ ಹಾರದೆ ಪಕ್ಕದ ದಪ್ಪ ತಂತಿಯ ಮೇಲೆ ಬಂದು ನಿಲ್ಲಬೇಕು. ಹೆಬ್ಬೆರಳನ್ನು ಒಂದೇ ಕಡೆ ಊರದೆ, ತೆಳ್ಳನೆಯ ತಂತಿಗಳಿಗೆ ಹೋದಾಗ ಅದೂ ಜೊತೆಗೆ ಸರಿದು ಬಳಸದ ದಪ್ಪ ತಂತಿಗಳನ್ನು ಮುಚ್ಚಿಹಿಡಿಯಬೇಕು, ಏಕೆಂದರೆ ಬೇಸ್ ಗಿಟಾರಿನಲ್ಲಿ ಮುಟ್ಟದ ತಂತಿಯೂ ಪಕ್ಕದ ತಂತಿಯ ಕಂಪನಕ್ಕೆ ದನಿಗೂಡಿಸಿ ಗುಂಯ್‌ಗುಟ್ಟುತ್ತದೆ. ಎಡಗೈ ಬೆರಳು ಮೆಟ್ಟಿಲಿನ ಲೋಹಕ್ಕೆ ತೀರ ಹತ್ತಿರ, ಅದರ ಹಿಂದೆ, ಹಗುರವಾಗಿ ಒತ್ತಿದರೆ ಸಾಕು. ಹಿಡಿಕೆಯ ತುದಿಯ ಕಡೆಯ ಮನೆಗಳು ಅಗಲವಾಗಿರುವುದರಿಂದ ನಾಲ್ಕು ಬೆರಳನ್ನು ನಾಲ್ಕು ಮನೆಗೆ ಹಿಗ್ಗಿಸಿ ಮಣಿಕಟ್ಟು ನೋಯಿಸಿಕೊಳ್ಳುವ ಬದಲು, ಡಬಲ್ ಬೇಸ್ ವಾದಕರಂತೆ ಉಂಗುರ ಬೆರಳು ಮತ್ತು ಕಿರುಬೆರಳನ್ನು ಒಟ್ಟಿಗೆ ಬಳಸಿ ಮೂರು ಮನೆಗಳನ್ನಷ್ಟೇ ಆವರಿಸುವುದು ಕ್ಷೇಮ. ಅಭ್ಯಾಸಕ್ಕೆ ಮೊಬೈಲಿನಲ್ಲಿ ದೊರೆಯುವ ತಬಲಾ ಠೇಕಾವನ್ನು ನಿಧಾನ ಲಯದಲ್ಲಿ ಹಾಕಿ, ತೀನ್‌ತಾಳದ ಹದಿನಾರು ಮಾತ್ರೆಗಳಲ್ಲಿ ಸಮ್ (ಮೊದಲ ಮಾತ್ರೆ) ಮತ್ತು ಒಂಬತ್ತನೆಯ ಮಾತ್ರೆಯ ಖಾಲಿ ಎರಡರಲ್ಲಿ ಮಾತ್ರ ಒಂದೊಂದು ಸ್ವರ ನುಡಿಸಿ ನೋಡಲಿ. ನಡುವಿನ ಏಳು ಮಾತ್ರೆ ಸುಮ್ಮನಿದ್ದು ಸರಿಯಾದ ಜಾಗಕ್ಕೆ ಬಂದಿಳಿಯುವುದು ವೇಗದ ತಾನಗಳಿಗಿಂತ ಕಠಿಣವಾದ ಪಾಠ. ಹೆಣ್ಣುಮಕ್ಕಳ ಕೈಗೆ ಇದು ಒಗ್ಗದು ಎಂದು ಪಾಲಕರು ಹೇಳುವುದನ್ನು ಕೇಳಿದ್ದೇನೆ. ಮುಂಬೈಯ ಮೋಹಿನಿ ಡೇ ಬಾಲ್ಯದಿಂದಲೇ ಈ ವಾದ್ಯ ನುಡಿಸಿ ಇಂದು ಜಗತ್ತಿನ ವೇದಿಕೆಗಳಲ್ಲಿ ಹೆಸರು ಮಾಡಿದ್ದಾರೆ. ಕೈ ಚಿಕ್ಕದೆನಿಸಿದರೆ 30 ಇಂಚು ಅಳತೆಯ ಗಿಡ್ಡ ಬೇಸ್ ಗಿಟಾರುಗಳೂ ಸಿಗುತ್ತವೆ.

ವಾದ್ಯ ಕೊಳ್ಳಲು ನಮ್ಮವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ, ಇಲ್ಲವೇ ಚಿತ್ರ ನೋಡಿ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಯಮಹಾ, ಐಬನೀಜ್, ಸ್ಕ್ವಾಯರ್ ಮೊದಲಾದ ಕಂಪನಿಗಳ ಆರಂಭಿಕ ಮಾದರಿಗಳು ಕಲಿಯುವವರಿಗೆ ಧಾರಾಳವಾಗಿ ಸಾಕಾಗುತ್ತವೆ. ಬಳಸಿದ ವಾದ್ಯವಾದರೆ ಪ್ರತಿ ತಂತಿಯನ್ನೂ ಪ್ರತಿ ಮನೆಯಲ್ಲೂ ಒತ್ತಿ ನುಡಿಸಿ ನೋಡಬೇಕು. ಹನ್ನೆರಡನೆಯ ಮನೆಯಲ್ಲಿ ಒತ್ತಿದ ಸ್ವರ, ಅದೇ ಜಾಗದಲ್ಲಿ ತಂತಿಯನ್ನು ಬರಿದೇ ಸೋಕಿಸಿ ಹೊರಡಿಸಿದ ಸ್ವರ ಎರಡೂ ಒಂದೇ ಶ್ರುತಿಯಲ್ಲಿರಬೇಕು. ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಮಾದರಿಯಲ್ಲಿ ಕೇಬಲ್ ಚುಚ್ಚಿರುವಷ್ಟು ಹೊತ್ತೂ 9 ವೋಲ್ಟಿನ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ನುಡಿಸಿ ಮುಗಿದ ಕೂಡಲೇ ಕೇಬಲ್ ತೆಗೆಯುವ ರೂಢಿ ಇಲ್ಲದವರಿಗೆ ಅದು ಕಾರ್ಯಕ್ರಮದ ನಡುವೆಯೇ ಕೈಕೊಡುತ್ತದೆ. ಮನೆಯ ಅಭ್ಯಾಸಕ್ಕೆ 15-25 ವ್ಯಾಟಿನ ಬೇಸ್ ಆಂಪ್ಲಿಫೈಯರ್ ಸಾಕು, ಡ್ರಮ್ಸ್ ಜೊತೆಗೆ ನುಡಿಸಲು 100 ವ್ಯಾಟಿಗೆ ಕಡಿಮೆಯಾದರೆ ನಡೆಯದು. ವ್ಯಾಟ್ ಎರಡು ಪಟ್ಟಾದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಆದ್ದರಿಂದ ದೊಡ್ಡ ಅಂಕಿಗೆ ಮರುಳಾಗದೆ ಸ್ಪೀಕರಿನ ಗುಣಮಟ್ಟ ನೋಡಬೇಕು.

ನಮ್ಮ ಬೇಸಿಗೆಯ ವಿಷಯ ಬೇರೆಯೇ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟಿದ ಒಣ ಬಿಸಿಲಿನಲ್ಲಿ ಹಿಡಿಕೆಯ ಮರ ತೇವ ಕಳೆದುಕೊಂಡು ಕುಗ್ಗುತ್ತದೆ, ಆದರೆ ಮೆಟ್ಟಿಲಿನ ಲೋಹ ಕುಗ್ಗುವುದಿಲ್ಲ. ಹಿಡಿಕೆಯ ಅಂಚಿನಲ್ಲಿ ಮೆಟ್ಟಿಲುಗಳ ತುದಿ ಹೊರಚಾಚಿ ಅಂಗೈ ಗೀರುವುದು ಇದರಿಂದಲೇ. ಮಳೆಗಾಲ ಬಂದಾಗ ಮರ ಮತ್ತೆ ಹಿಗ್ಗಿ ಹಿಡಿಕೆಯ ಬಾಗು ಬದಲಾಗುತ್ತದೆ. ಒಂದು ತಂತಿಯನ್ನು ಮೊದಲ ಮನೆಯಲ್ಲೂ ಕೊನೆಯ ಮನೆಯಲ್ಲೂ ಒತ್ತಿಹಿಡಿದು ಏಳೆಂಟನೆಯ ಮನೆಯ ಬಳಿ ತಂತಿಗೂ ಮೆಟ್ಟಿಲಿಗೂ ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದಿ ಇದೆಯೇ ಎಂದು ಋತು ಬದಲಾದಾಗಲೆಲ್ಲ ನೋಡಿಕೊಳ್ಳಬೇಕು. ಸಂದಿ ಹೆಚ್ಚುಕಡಿಮೆಯಾಗಿದ್ದರೆ ಹಿಡಿಕೆಯೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಸರಿಪಡಿಸಬೇಕು. ಬಲ ಹಾಕಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ ತಿಳಿದವರ ಕೈಗೆ ಕೊಡುವುದು ಒಳ್ಳೆಯದು. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ವಾದ್ಯವನ್ನು ಬಿಡುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ಸಂಪಾದಕರೇ, ಇನ್ನು ನಾನು ಹೇಳುವ ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು. ಬೇಸ್ ಗಿಟಾರಿನ ಲೋಹದ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ, ಹಾಡುವ ಮೈಕಿನ ಲೋಹದ ಜಾಲರಿ ಮಿಕ್ಸರಿನ ಅರ್ಥಿಂಗಿಗೆ ಸೇರಿರುತ್ತದೆ. ಇವೆರಡೂ ಬೇರೆ ಬೇರೆ ಪ್ಲಗ್ಗುಗಳಿಂದ, ಒಂದು ಹಾಲಿನ ಲೈನಿನಿಂದ, ಇನ್ನೊಂದು ಜನರೇಟರಿನಿಂದ ಬಂದು, ಒಂದರಲ್ಲಿ ಅರ್ಥಿಂಗ್ ಇಲ್ಲದೇ ಹೋದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದ ವಾದಕರ ದೇಹದ ಮೂಲಕವೇ ವಿದ್ಯುತ್ ಹರಿಯಬಹುದು. ತುಟಿಗೆ ಚುರುಕ್ ಎಂದ ಅನುಭವ ಈ ಭಾಗದ ಯಾವ ವಾದಕರನ್ನು ಕೇಳಿದರೂ ಹೇಳುತ್ತಾರೆ, ನಕ್ಕು ಮರೆತುಬಿಡುತ್ತಾರೆ. ಗುಂಯ್ ಎನ್ನುವ ಸದ್ದು ನಿಲ್ಲಲೆಂದು ಪ್ಲಗ್ಗಿನ ಮೂರನೆಯ ಪಿನ್ ಮುರಿದು ಹಾಕುವ, ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವ ಪದ್ಧತಿ ಅತ್ಯಂತ ಅಪಾಯಕಾರಿ, ಅದನ್ನು ಹಾಲ್‌ಗಳು ಕಡ್ಡಾಯವಾಗಿ ನಿಷೇಧಿಸಬೇಕು. ವೇದಿಕೆಗೆ ಹೋಗುವ ಲೈನಿಗೆ 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ ಹಾಕಿಸಬೇಕು. ಅರ್ಥಿಂಗ್ ಗುಂಡಿಯ ಮಣ್ಣು ಒಣಗಿದಷ್ಟೂ ಅದರ ರೋಧ ಹೆಚ್ಚುತ್ತದೆ, ಮತ್ತು ಬೇಸಿಗೆಯಲ್ಲಿ ಬಿರುಕುಬಿಡುವ ನಮ್ಮ ಕರಿಮಣ್ಣಿನಲ್ಲಿ ಗುಂಡಿಗೆ ನೀರು ಹಾಕುವುದನ್ನು ಮರೆತರೆ ಅರ್ಥಿಂಗ್ ಇದ್ದೂ ಇಲ್ಲದಂತೆಯೇ. ಮದುವೆ ಸುಗ್ಗಿ ಇರುವುದೂ ಅದೇ ಬೇಸಿಗೆಯಲ್ಲಿ. ವೈಯರ್‌ಮನ್ ಒಬ್ಬರು ಮೀಟರ್ ಹಿಡಿದು ಸ್ವಲ್ಪ ಹೊತ್ತಿನಲ್ಲಿ ಪರೀಕ್ಷಿಸಬಹುದಾದ ಈ ವಿಷಯವನ್ನು ಅಲಕ್ಷಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಗುಂಯ್ ಸದ್ದಿಗೆ ಸರಿಯಾದ ಪರಿಹಾರ ಡಿಐ ಬಾಕ್ಸ್ ಎಂಬ ಅಂಗೈಯಗಲದ ಪೆಟ್ಟಿಗೆ. ಬೇಸ್ ಗಿಟಾರಿನ ದುರ್ಬಲ ಸಂಕೇತವನ್ನು ಅದು ಉದ್ದನೆಯ ಮೈಕ್ ಕೇಬಲಿನಲ್ಲಿ ಹಾನಿಯಿಲ್ಲದೆ ಸಾಗುವಂತೆ ಪರಿವರ್ತಿಸುತ್ತದೆ, ಅದರಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಪ್ಲಗ್ಗಿನ ಸುರಕ್ಷೆಗೆ ಕೈ ಹಚ್ಚದೆ ಸದ್ದನ್ನಷ್ಟೇ ತೊಡೆದುಹಾಕುತ್ತದೆ. ಕೆಲವೇ ಸಾವಿರ ರೂಪಾಯಿಯ ಈ ವಸ್ತು ಲಕ್ಷಾಂತರ ರೂಪಾಯಿಯ ಸೌಂಡ್ ಸಿಸ್ಟಮ್ ಇಟ್ಟವರ ಬಳಿಯೂ ಅನೇಕ ಕಡೆ ಇರುವುದಿಲ್ಲ.

ಹಾಲಿನ ಧ್ವನಿಯ ವಿಷಯದಲ್ಲಿ ಖರ್ಚೇ ಇಲ್ಲದ ಸುಧಾರಣೆಗಳೂ ಇವೆ. ಹಾಡುವ ಮೈಕುಗಳ ಚಾನೆಲಿನಲ್ಲಿ ಲೋ ಕಟ್ ಗುಂಡಿ ಒತ್ತಿದರೆ 80-100 ಹರ್ಟ್ಸ್‌ಗಿಂತ ಕೆಳಗೆ ಆ ಮೈಕುಗಳು ಎಳೆದುಕೊಳ್ಳುವ ಗುಡುಗು ಹೋಗುತ್ತದೆ. ಐದಾರು ಮೈಕುಗಳಲ್ಲಿ ಹೀಗೆ ಮಾಡಿದ ಕೂಡಲೇ ಬೇಸ್ ಗಿಟಾರನ್ನು ಏರಿಸದೆಯೇ ಅದು ತಿಳಿಯಾಗಿ ಕೇಳಿಸುತ್ತದೆ. ಬೇಸ್ ಚಾನೆಲಿನಲ್ಲಿ ಮಿಡ್ (ನಡುವಿನ ಕಂಪನಗಳು) ಪೂರ್ತಿ ಇಳಿಸಿ ಲೋ (ಕೆಳಗಿನ ಕಂಪನಗಳು) ಏರಿಸುವುದು ನಮ್ಮಲ್ಲಿ ಪದ್ಧತಿಯಾಗಿದೆ, ಅದನ್ನು ತಿರುಗುಮುರುಗು ಮಾಡಬೇಕು. ಸಬ್‌ವೂಫರುಗಳನ್ನು ವೇದಿಕೆಯ ಎರಡು ಬದಿಗೆ ಇಟ್ಟರೆ ಅವುಗಳ ಅಲೆಗಳು ನಡುವಿನ ಸಾಲಿನಲ್ಲಿ ಕೂಡಿಕೊಂಡು, ಪಕ್ಕಗಳಲ್ಲಿ ಒಂದನ್ನೊಂದು ಅಳಿಸಿಕೊಂಡು, ಒಬ್ಬರಿಗೆ ಅತಿಯಾಗಿ ಪಕ್ಕದವರಿಗೆ ಇಲ್ಲವಾಗುತ್ತದೆ. ಎರಡನ್ನೂ ನಡುವೆ ಒಟ್ಟಿಗೆ ಇಟ್ಟರೆ ಹಂಚಿಕೆ ಹೆಚ್ಚು ಸಮವಾಗುತ್ತದೆ. 41 ಹರ್ಟ್ಸ್ ಸ್ವರದ ಅಲೆಯ ಉದ್ದವೇ ಸುಮಾರು 8 ಮೀಟರ್. ಗ್ರಾನೈಟ್ ನೆಲ, ಬೋಳು ಗೋಡೆಯ ಹಾಲಿನಲ್ಲಿ ಅದು ಮೂಲೆಗಳಲ್ಲಿ ಗುಡ್ಡೆಯಾಗುತ್ತದೆ, ಜನ ತುಂಬಿದ ಮೇಲೂ ಕರಗುವುದಿಲ್ಲ. ಆದ್ದರಿಂದ ಸೌಂಡ್ ಚೆಕ್ ವೇಳೆ ಮಿಕ್ಸರಿನ ಬಳಿಯೇ ಕೂರದೆ ಒಬ್ಬರು ಹಾಲಿನ ನಾಲ್ಕು ಕಡೆ ನಡೆದು ಕೇಳಬೇಕು. ಇದಕ್ಕೆ ಅರ್ಧ ಗಂಟೆ ಬೇಕು. ಆದರೆ ನಮಗೆ ವೇದಿಕೆ ಸಿಗುವುದು ಹೂವಿನ ಅಲಂಕಾರ ಮುಗಿದು ಅತಿಥಿಗಳು ಬಂದು ಕುಳಿತ ಮೇಲೆ.

ಕೇಳುಗರೂ ಇದರಲ್ಲಿ ಪಾಲುದಾರರು. ಸಂಗೀತ ಕೇಳಲು ಬಂದಾಗ ಹಿಂದಿನ ಗೋಡೆಗೆ ಒರಗಿ ಅಥವಾ ಮೂಲೆಯಲ್ಲಿ ಕೂರದೆ, ವೇದಿಕೆಯಿಂದ ಹಾಲಿನ ಉದ್ದದ ಮೂರನೇ ಎರಡರಷ್ಟು ದೂರದಲ್ಲಿ ಆಸನ ಹಿಡಿದರೆ ಮಂದ್ರ ಸ್ವರಗಳು ಹೆಚ್ಚು ಸಮತೂಕದಲ್ಲಿ ಕೇಳಿಸುತ್ತವೆ. ಒಂದು ಹಾಡನ್ನಾದರೂ ಪೂರ್ತಿಯಾಗಿ ಬೇಸ್ ಗಿಟಾರನ್ನೇ ಹಿಂಬಾಲಿಸಿ ಕೇಳಿ ನೋಡಲಿ. ಪಲ್ಲವಿಯಲ್ಲಿ ಅದು ಎಲ್ಲಿ ನಿಂತಿತ್ತು, ಚರಣಕ್ಕೆ ಹೋಗುವಾಗ ಯಾವ ಮೆಟ್ಟಿಲು ಹತ್ತಿ ಗಾಯಕರನ್ನು ಮೇಲಕ್ಕೆ ಕರೆದೊಯ್ದಿತು ಎಂಬುದು ತಿಳಿದಾಗ ನೂರಾರು ಬಾರಿ ಕೇಳಿದ ಹಾಡೂ ಹೊಸದಾಗಿ ತೆರೆದುಕೊಳ್ಳುತ್ತದೆ. ಈ ಸಂತೋಷವನ್ನು ಮೊದಲ ಸಲ ಅನುಭವಿಸಿದವರು ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಬಳಿ ಬಂದು ವಾದ್ಯವನ್ನು ಮುಟ್ಟಿ ನೋಡುವಾಗ ಅವರ ಮುಖದಲ್ಲಿ ಕಾಣುವ ಕುತೂಹಲವೇ ನಮ್ಮಂಥವರಿಗೆ ದೊಡ್ಡ ಸಂಭಾವನೆ. ಕಿವಿಯ ಕಾಳಜಿಯೂ ಅಷ್ಟೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಸಂಗೀತ ಸ್ಥಳಗಳಲ್ಲಿ 15 ನಿಮಿಷಗಳ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು. ಅದು ಗರಿಷ್ಠ ಮಿತಿ, ಗುರಿಯಾಗಬೇಕಾದದ್ದಲ್ಲ. ಚಿಕ್ಕ ಮಕ್ಕಳನ್ನು ಸ್ಪೀಕರುಗಳ ಮುಂದೆ ಕುಣಿಯಲು ಬಿಡುವುದನ್ನು ಪಾಲಕರು ದಯವಿಟ್ಟು ನಿಲ್ಲಿಸಬೇಕು.

ಇಷ್ಟೆಲ್ಲ ಬರೆದುದರ ಹಿಂದೆ ಮೂರು ಕೋರಿಕೆಗಳಿವೆ. ಡಿಜೆ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರಿಗಳು ಲಾರಿಯ ಮೇಲಿನ ಸಬ್‌ವೂಫರ್ ಮತ್ತು ಹಾಲಿನೊಳಗೆ ಹತ್ತು ಗಂಟೆಯೊಳಗೆ ಮುಗಿಯುವ ವಾದ್ಯಸಂಗೀತ ಎರಡನ್ನೂ ಒಂದೇ ಆದೇಶದಲ್ಲಿ ಸೇರಿಸದಿರಲಿ, ಅಳತೆಯಲ್ಲಿ 'ಸಿ' ಮಾಪನವನ್ನೂ ದಾಖಲಿಸಲಿ. ಡಾ. ಎಸ್.ಎಂ. ಪಂಡಿತ ರಂಗಮಂದಿರ ಸೇರಿದಂತೆ ನಗರದ ಸಾರ್ವಜನಿಕ ಸಭಾಂಗಣಗಳ ಮತ್ತು ಖಾಸಗಿ ಹಾಲ್‌ಗಳ ಬಾಡಿಗೆ ಪತ್ರದಲ್ಲಿ ವೇದಿಕೆಯ ಅರ್ಥಿಂಗ್ ಪರೀಕ್ಷಿಸಿದ ದಿನಾಂಕ ಮತ್ತು ಸೌಂಡ್ ಚೆಕ್‌ಗೆ ಮೀಸಲಾದ ಅರ್ಧ ಗಂಟೆ, ಈ ಎರಡು ಸಾಲುಗಳು ಸೇರಲಿ. ಉತ್ಸವಗಳಲ್ಲಿ ಸ್ಥಳೀಯ ಕಲಾವಿದರಿಗೆ ಅವಕಾಶ ಕೊಡುವ ಇಲಾಖೆಗಳು ಮತ್ತು ಸಂಘಟಕರು ಟ್ರ್ಯಾಕ್ ಇಲ್ಲದೆ ಪೂರ್ಣ ವಾದ್ಯಗಳೊಂದಿಗೆ ಹಾಡುವ ತಂಡಗಳಿಗೆ ಆದ್ಯತೆ ನೀಡಲಿ. ಯಾವುದೇ ಹಾಲಿನವರು ತಮ್ಮ ಸೌಂಡ್ ಸಿಸ್ಟಮನ್ನು ಮೇಲೆ ಹೇಳಿದಂತೆ ಹೊಂದಿಸಿ ಪರೀಕ್ಷಿಸಲು ಬಯಸಿದರೆ, ನಾನೂ ನನ್ನ ಬಳಿ ಕಲಿಯುತ್ತಿರುವ ಹುಡುಗ ಹುಡುಗಿಯರೂ ವಾದ್ಯ ಮತ್ತು ಡಿಐ ಬಾಕ್ಸ್ ಸಮೇತ ಬಂದು ಸಂಭಾವನೆಯಿಲ್ಲದೆ ನುಡಿಸಿ ಸಹಕರಿಸಲು ಸಿದ್ಧರಿದ್ದೇವೆ. ಪತ್ರಿಕೆಯ ಮೂಲಕ ತಿಳಿಸಿದರೆ ಸಾಕು.

ತಮ್ಮ ವಿಶ್ವಾಸಿ,
ಒಬ್ಬ ಬೇಸ್ ಗಿಟಾರ್ ವಾದಕ,
ಕಲಬುರಗಿ